ನಮ್ಮ ಮಗಳ ಮೊಣಕಾಲಿನಲ್ಲಿ ಇಲ್ಲದೇ ಇದ್ದ ವಾಯು ಮಹಾಶಯರಿಗೆ

ಕರೆಯದೆ ಬರುವ, ಕಳಿಸಿದರೂ ಹೋಗದ, ಹೋದರೂ ಗೊತ್ತಾಗದ ಮಾನ್ಯ ವಾಯು ಮಹಾಶಯರೇ,

ಜಾವಾದ ಸೊಲೊ ಊರಿನ ರೈಲು ಹಳಿಯ ಪಕ್ಕದ ಓಣಿಯಲ್ಲಿ, ಗಿರಾಕಿಯನ್ನು ಮುಂದೆ ಕೂರಿಸಿಕೊಂಡು ಹಿಂದಿನಿಂದ ತುಳಿಯುವ ಮೂರು ಗಾಲಿಯ ಬೆಚಾಕ್ ಗಾಡಿಯಿಂದ ಹೊಟ್ಟೆ ಹೊರೆಯುತ್ತಿರುವ ಪರ್ತೊಮೊ ಎಂಬ ನಾನು, ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದ ಕಾರಣ ನಾಲ್ಕೂ ದಿಕ್ಕಿಗೆ ನಮಸ್ಕರಿಸಿ, ಈ ದೂರನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಕಳಿಸಿದರೆ ತಾವು ಒಳಗೆ ಬರಲು ಕಷ್ಟವಾದೀತೆಂಬ ಕಾಳಜಿಯೂ ಇದೆ.

ತಮಗೆ ನೆನಪಿರಬಹುದು, ನನ್ನ ಮಗಳು ಕಿನಾಸಿಹ್ ಶಾಲೆಯ ಧ್ವಜ ತಂಡದಲ್ಲಿದ್ದಳು. ಸೋಮವಾರ ಬೆಳಿಗ್ಗೆ ಬಿಳಿ ಕೈಗವಸು ತೊಟ್ಟು, ಮೊಣಕಾಲು ಮಡಿಸದೆ ಹೆಜ್ಜೆಯಿಡುವವರಲ್ಲಿ ಅವಳೇ ಮುಂದು. ಅಭ್ಯಾಸದ ವೇಳೆ ಬಿದ್ದು ಎಡ ಮೊಣಕಾಲು ಊದಿಕೊಂಡಿತು, ಊತ ಇಳಿಯಿತು, ಮೂಳೆ ಸರಿಯಿದೆಯೆಂದು ವೈದ್ಯರು ಚಿತ್ರ ತೆಗೆದು ತೋರಿಸಿದರು, ನೋವು ಮಾತ್ರ ಇಳಿಯಲಿಲ್ಲ. ಆಗ ನಮ್ಮ ಅತ್ತೆ ಸಿನೆಮ್ ಅವರು, ತಲೆನೋವಿನಿಂದ ಹಿಡಿದು ಪರೀಕ್ಷೆಯಲ್ಲಿ ನಪಾಸಾಗುವವರೆಗೆ ಎಲ್ಲಕ್ಕೂ ಈ ನಾಡಿನಲ್ಲಿ ಕೊಡುವ ಕಾರಣವನ್ನೇ ಕೊಟ್ಟರು: ಗಾಳಿ ಒಳಗೆ ಹೊಕ್ಕಿದೆ. ಅಂದರೆ ತಾವು.

ತಮ್ಮನ್ನು ಹೊರಡಿಸಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳ ಬೆನ್ನಿಗೆ ಮುಲಾಮು ಬಳಿದು, ನಾಣ್ಯದ ಅಂಚಿನಿಂದ ಕೆಂಪು ಪಟ್ಟೆಗಳೇಳುವ ತನಕ ಗೀಚಿದೆವು. ತಮ್ಮ ಬಂಧುಗಳು ಸಹಾಯಕ್ಕೆ ಬಾರದಿರಲೆಂದು ಕಿಟಕಿ ಮುಚ್ಚಿದೆವು, ಬೇಸಿಗೆಯಲ್ಲಿ ಉಣ್ಣೆಯ ಅಂಗಿ ತೊಡಿಸಿದೆವು. ಶುಂಠಿ ಕಷಾಯ ಕುಡಿದು ಕುಡಿದು, ಶುಂಠಿಯ ಹೆಸರೆತ್ತಿದರೆ ಸಾಕು, ಅವಳ ಮುಖ ಗೋಡೆಗೆ ತಿರುಗುತ್ತಿತ್ತು. ಶಾಲೆ ನಿಂತಿತು, ಗೆಳತಿಯರು ಬರುವುದು ನಿಂತಿತು, ಬಚ್ಚಲಿಗೂ ನಾನೇ ಎತ್ತಿಕೊಂಡು ಹೋಗತೊಡಗಿದೆ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ನೋವು ಹೇಗಿದೆ ಮಗಳೇ ಎಂದು ಕೇಳುವುದು, ರಾತ್ರಿ ದೀಪ ಆರಿಸುವ ಮುನ್ನ ಅದನ್ನೇ ಕೇಳುವುದು, ನಡುವೆ ನೆನಪಾದಾಗಲೆಲ್ಲ ಕೇಳುವುದು ನನ್ನ ಕೆಲಸವಾಯಿತು. ಅಪ್ಪನಾದವನು ಮತ್ತೇನು ಮಾಡಬೇಕಿತ್ತು?

ಹೀಗಿರುವಾಗ ಆಸ್ಪತ್ರೆಯ ವ್ಯಾಯಾಮ ಚಿಕಿತ್ಸಕಿ ಹೆಸ್ತಿ ಮೇಡಂ ಅವರು, ತಾವು ಅಲ್ಲಿ ಇಲ್ಲವೇ ಇಲ್ಲ, ಯಾವತ್ತೂ ಇರಲಿಲ್ಲ ಎಂದುಬಿಟ್ಟರು. ನೋವು ಸುಳ್ಳಲ್ಲ, ಹುಡುಗಿ ನಟಿಸುತ್ತಿಲ್ಲ, ಆದರೆ ಕಳ್ಳ ಹೋದ ಮೇಲೂ ನಾಯಿ ಬೊಗಳುತ್ತಲೇ ಇದೆ, ಅದಕ್ಕೆ ಮೆಲ್ಲಗೆ ಸಮಾಧಾನ ಕಲಿಸಬೇಕು ಎಂದರು. ಮಾನ್ಯರೇ, ನನ್ನ ಮುಖ್ಯ ದೂರು ಇದೇ. ಇಲ್ಲವೆಂದ ಮೇಲೆ ಇಲ್ಲವೆಂದು ಒಂದು ಮಾತು ಹೇಳುವುದಲ್ಲವೇ? ಅಡುಗೆಯ ಹೊಗೆಯಿಲ್ಲ, ಜಗಳವಿಲ್ಲ, ಕೊನೆಗೆ ಸ್ವತಃ ತಾವೂ ಇಲ್ಲ, ಇಂಥ ಸಂಭಾವಿತ ಬಾಡಿಗೆದಾರರು ಇಡೀ ಜಾವಾ ದ್ವೀಪದಲ್ಲಿ ಸಿಗಲಾರರು ಎಂಬುದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಆದರೆ ಇಲ್ಲದವರನ್ನು ಓಡಿಸಲು ಮಗುವಿನ ಬೆನ್ನು ಗೀಚಿದ ನಮಗೆ ಯಾವ ಮುಖವಿದೆ?

ಮೇಡಂ ಅವರ ಚಿಕಿತ್ಸೆಯಲ್ಲಿ ಮಾತ್ರೆ ಹೆಚ್ಚಿಲ್ಲ. ಒಂಟಿ ಕಾಲಿನಲ್ಲಿ ನಿಲ್ಲಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ನೋಯುತ್ತಿದ್ದರೂ ಇವತ್ತಿನ ಪಾಲನ್ನು ಇವತ್ತೇ ಮುಗಿಸಬೇಕು, ಸುಖವೆನಿಸಿದರೂ ಅದಕ್ಕಿಂತ ಹೆಚ್ಚು ಮಾಡಬಾರದು. ಆಮೇಲೆ ಬಾಗಿಲು ಹಾಕಿಕೊಂಡು ಇಬ್ಬರೂ ಮಾತಾಡುತ್ತಾರೆ, ಅದೂ ಚಿಕಿತ್ಸೆಯೇ ಅಂತೆ. ಅಲ್ಲಿಂದ ಅವಳು ಕೆಂಪಾದ ಕಣ್ಣುಗಳೊಂದಿಗೂ ಭಾರಿ ಹಸಿವಿನೊಂದಿಗೂ ಹೊರಬರುತ್ತಾಳೆ. ಇದೆಲ್ಲವನ್ನೂ ಸಹಿಸಬಹುದಿತ್ತು. ಆದರೆ ಇನ್ನು ಮುಂದೆ ಮನೆಯಲ್ಲಿ ಯಾರೂ ನೋವಿನ ಬಗ್ಗೆ ಕೇಳಕೂಡದು ಎಂದು ಅಪ್ಪಣೆಯಾಯಿತು. ಎದುರು ಸಿಕ್ಕವರನ್ನು ಎಲ್ಲಿಗೆ ಹೊರಟಿರಿ, ಊಟವಾಯಿತೇ, ಸೊಂಟ ಹೇಗಿದೆ ಎಂದು ಕೇಳದೆ ದಾಟಿ ಹೋಗುವುದನ್ನೇ ಅರಿಯದ ನಮ್ಮಂಥವರ ಬಾಯಿಗೆ ಇದಕ್ಕಿಂತ ದೊಡ್ಡ ಬೀಗವಿಲ್ಲ.

ಓಣಿಯವರಿಗೂ ತಿಳಿಸಿಬಿಡಿ ಎಂದು ಓಣಿಯ ಮುಖ್ಯಸ್ಥ ಸಾದಿಮಾನ್ ಅವರಲ್ಲಿ ವಿನಂತಿಸಿದ್ದು ನನ್ನ ತಪ್ಪು. ಅವರು ಅತ್ಯಂತ ಮುತುವರ್ಜಿಯಿಂದ, ಸಂಜೆಯ ಪ್ರಾರ್ಥನೆ ಮುಗಿದೊಡನೆ, ಕಿನಾಸಿಹ್‌ಳ ಎಡ ಮೊಣಕಾಲಿನ ಬಗ್ಗೆ ಯಾರೂ ಏನೂ ಕೇಳತಕ್ಕದ್ದಲ್ಲ ಎಂದು ಧ್ವನಿವರ್ಧಕದಲ್ಲಿ ಸಾರಿದರು. ಆ ತನಕ ಮೊಣಕಾಲಿನ ಸುದ್ದಿಯೇ ತಿಳಿಯದಿದ್ದ ಹಳಿಯಾಚೆಯವರಿಗೂ ತಿಳಿಯಿತು. ಕಾಯಿಲೆಯವರನ್ನು ಗುಂಪಾಗಿ ಹೋಗಿ ನೋಡುವುದು ನಮ್ಮಲ್ಲಿ ಕರ್ತವ್ಯ. ಆದ್ದರಿಂದ ಭಾನುವಾರ ಬೆಳಿಗ್ಗೆ ಬಾಳೆಹಣ್ಣು, ಸೋಯಾ ಕಾಳಿನ ಕರಿದ ಟೆಂಪೆ ಹಿಡಿದು ಓಣಿಗೆ ಓಣಿಯೇ ನಮ್ಮ ಮನೆಗೆ ಬಂದು, ಚಾಪೆಯ ಮೇಲೆ ಸಾಲಾಗಿ ಕುಳಿತು, ಎಲ್ಲರೂ ಒಟ್ಟಾಗಿ ಕೇಳದೇ ಇರತೊಡಗಿದರು. ಅವರು ಎಷ್ಟು ಶ್ರದ್ಧೆಯಿಂದ ಕೇಳಲಿಲ್ಲವೆಂದರೆ, ಆ ಮೊಣಕಾಲನ್ನು ಬಿಟ್ಟು ಬೇರೆ ಕಡೆ ಕಣ್ಣನ್ನೂ ಹಾಯಿಸಲಿಲ್ಲ. ಕೊನೆಗೆ ತಡೆಯಲಾರದ ಒಬ್ಬ ಹೆಂಗಸು ನಮ್ಮ ಅತ್ತೆಯನ್ನು ಕುರಿತು, “ಅಜ್ಜಿ, ನಿಮ್ಮನೇಲಿ ಎಡಗಡೆ ಎಲ್ಲಾ ಕ್ಷೇಮ ತಾನೇ?” ಎಂದರು.

ಕಿನಾಸಿಹ್ ಎದ್ದಳು. ಯಾರನ್ನೂ ಹಿಡಿದುಕೊಳ್ಳದೆ, ಬಾಳೆಹಣ್ಣು ದಾಟಿ ಅಂಗಳಕ್ಕೆ ಬಂದು, ಬಂದವರಿಂದ ತಪ್ಪಿಸಿಕೊಂಡು ಮುಂದಿನ ಸೀಟಿನಲ್ಲಿ ಅಡಗಿದ್ದ ನನ್ನ ಸಮೇತ ಬೆಚಾಕ್ ತುಳಿದುಕೊಂಡು ಹೊರಟೇಬಿಟ್ಟಳು. ಚಹಾದ ಗೂಡಿನವರು, “ಏನ್ ಪರ್ತೊಮೊ, ಯಾವಾಗಿಂದ ಸಾಹೇಬ್ರಾದ್ರಿ?” ಎಂದು ಕಿಚಾಯಿಸಿದರು. ಹಿಂದಿನಿಂದ ಅವಳ ಏದುಸಿರು ಕೇಳುತ್ತಿತ್ತು, ಒಮ್ಮೆ ಸಣ್ಣಗೆ ನರಳಿದ್ದೂ ಕೇಳಿತು. ತಿರುಗಿ ನೋಡಹೋದೆ. “ಮುಂದೆ ನೋಡಪ್ಪಾ” ಎಂದಳು. ಮುಂದೆ ನೋಡುತ್ತಲೇ ಅತ್ತುಬಿಟ್ಟೆ. ಗಿರಾಕಿಯ ಮುಖ ತುಳಿಯುವವರಿಗೆ ಕಾಣಿಸದಿರುವುದು ಈ ಗಾಡಿಯ ಒಂದು ಅನುಕೂಲ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳಿಷ್ಟು. ತಾವು ನಮ್ಮ ಮನೆಯಲ್ಲಿ ಎಂದೂ ವಾಸವಿರಲಿಲ್ಲವೆಂದು ಸ್ವಹಸ್ತದಿಂದ ಮುಚ್ಚಳಿಕೆ ಬರೆದುಕೊಡಬೇಕು, ಬೇರೆ ಯಾರು ಹೇಳಿದರೂ ನಮ್ಮ ಅತ್ತೆ ನಂಬುವುದಿಲ್ಲ. ತಮಗೆ ನೆಲೆ ಬೇಕೇಬೇಕೆಂದಿದ್ದರೆ ಸಾದಿಮಾನ್ ಅವರ ಧ್ವನಿವರ್ಧಕದಲ್ಲಿ ಖಾಯಂ ಆಗಿ ನೆಲೆಸಬಹುದು. ಸೋಮವಾರ ಧ್ವಜ ಮೇಲೇರುವ ಹೊತ್ತಿಗೆ ಮಾತ್ರ ಶಾಲೆಯ ಅಂಗಳಕ್ಕೆ ಬಂದು ಬೀಸಿ ಹೋಗಬೇಕು.

ಏಕೆಂದರೆ ಮೊನ್ನೆಯ ಸೋಮವಾರ ಅವಳೂ ಅಲ್ಲಿ ನಿಂತಿದ್ದಳು. ಧ್ವಜ ತಂಡದಲ್ಲಲ್ಲ, ಹಿಂದಿನ ಸಾಲಿನಲ್ಲಿ, ಆದರೆ ಕೊನೆಯ ತನಕ ತನ್ನ ಎರಡೂ ಕಾಲಿನ ಮೇಲೆ. ಗೇಟಿನ ಹೊರಗೆ ಕಾಯುತ್ತಿದ್ದ ನಾನು ಬಾಯಿ ಬಿಗಿಹಿಡಿದು, ಆಕಾಶ ನೋಡುತ್ತ, ಮೇಡಂ ಅವರ ಅಪ್ಪಣೆಯನ್ನು ಪಾಲಿಸಿದೆ. ಶಾಲೆ ಬಿಟ್ಟ ಮೇಲೆ ಅವಳು ಕುಂಟುತ್ತ ಬಂದು ನನ್ನೆದುರು ನಿಂತು, “ಅಪ್ಪಾ, ಏನಾದ್ರೂ ಕೇಳು” ಎಂದಳು. ಏನು ಕೇಳಲಿ ಎಂದೆ. “ನೋವು ಬಿಟ್ಟು ಏನಾದ್ರೂ” ಎಂದಳು.

ಮಾನ್ಯರೇ, ಹೆತ್ತ ಮಗಳು ಎದುರು ನಿಂತು ಕಾಯುತ್ತಿದ್ದಾಳೆ, ಅವಳನ್ನು ಕೇಳಲು ನನ್ನಲ್ಲಿ ಮತ್ತೊಂದು ಪ್ರಶ್ನೆಯೇ ಉಳಿದಿರಲಿಲ್ಲ. ಕೊನೆಗೆ, ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ಕೇಳಿದೆ. ಮನೆ ಮುಟ್ಟುವವರೆಗೂ ಅವಳು ಮಾತು ನಿಲ್ಲಿಸಲಿಲ್ಲ.

ಇದ್ದರೂ ಇಲ್ಲದಿದ್ದರೂ ತಮ್ಮ ವಿಶ್ವಾಸಿ,
ಪರ್ತೊಮೊ

ತಾ.ಕ.: ಇತ್ತೀಚೆಗೆ ನನ್ನ ಸೊಂಟ ಹಿಡಿದುಕೊಂಡಿದೆ. ಗುರುವಾರಗಳಂದು ಮಗಳ ಜೊತೆ ನೀವೂ ಬಂದು ಒಂಟಿ ಕಾಲಿನಲ್ಲಿ ನಿಲ್ಲಿ ಎಂದು ಹೆಸ್ತಿ ಮೇಡಂ ನಗುನಗುತ್ತ ಆಹ್ವಾನಿಸಿದ್ದಾರೆ. ಈ ಒಂದು ಸಲವಾದರೂ ತಾವು ನಿಜವಾಗಿಯೂ ಒಳಗೆ ಇರಬೇಕಾಗಿ ಕಳಕಳಿಯ ಪ್ರಾರ್ಥನೆ.