ಸಮಾನತೆಯ ಮೊದಲ ರೊಟ್ಟಿ

ಅದು ಎಪ್ಪತ್ತೈದನೆಯ ಇಸವಿ, ಮಹಿಳಾ ವರ್ಷ. ಜಗತ್ತಿಗೆ ಸ್ತ್ರೀ ಸಮಾನತೆ ಬರಲಿ ಬಿಡಲಿ, ಬೆಳಗಾವಿ ಸದಾಶಿವನಗರದ ನಮ್ಮ ಮನೆಗೆ ಅದನ್ನು ತಂದೇ ತೀರುತ್ತೇನೆಂದು ಪಣ ತೊಟ್ಟೆ! ಆರಿಸಿಕೊಂಡ ದಿನವೂ ಅಂಥದೇ. ಅಂದು ಹನ್ನೊಂದಕ್ಕೆ ನನ್ನ ಹೆಂಡತಿ ಕಾಂತಾಳಿಗೆ ಖಾನಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕರ ಹುದ್ದೆಗೆ ಸಂದರ್ಶನ. ಹನ್ನೆರಡು ವರ್ಷ ಪಾಠ ಹೇಳಿ ಕಾದಿದ್ದ ಹುದ್ದೆ. ಒಂಬತ್ತರ ಬಸ್ಸು ಹಿಡಿಯಬೇಕು.

"ಇವತ್ತ ರೊಟ್ಟಿ ನಂದು. ನೀ ಒಲಿ ಕಡೆ ಬರಬ್ಯಾಡ," ಎಂದೆ.

"ನಿನ್ನಿ ರೊಟ್ಟಿ ಅದಾವ. ನೀವು ಸುಮ್ಮನ ಕುಂತ್ರ ಸಾಕ್ರಿ," ಎಂದಳು.

ಸುಮ್ಮನೆ ಕುಳಿತರೆ ಕ್ರಾಂತಿಯಾದೀತೇ? ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ಕುಳಿತೆ. "ಕಾಂತಾ, ಹಿಟ್ಟಿನ ಡಬ್ಬಿ ಎಲ್ಲೈತಿ? ಕಾಂತಾ, ನೀರು ಕುದೀತೇನ ನೋಡು."

ನಮ್ಮ ಓಣಿಯ ಹೆಂಗಸರಿಗೆ ರೊಟ್ಟಿ ಬಡಿಯುವ ಸದ್ದಿನಿಂದಲೇ ಅದು ಯಾರ ಕೈ ಎಂದು ತಿಳಿಯುತ್ತದೆ. ನನ್ನದು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಪಕ್ಕದ ಮನೆಯ ಭೀಮಕ್ಕ ಇಣುಕಿದಳು.

"ಅಯ್ಯ ಶಿವನ, ಗುರುಪುತ್ರಪ್ಪನಾರು ರೊಟ್ಟಿ ಬಡ್ಯಾಕತ್ತಾರ. ಕಾಂತಾ, ಭಾಳ ಪುಣ್ಯಾ ಮಾಡೀದಿ ನೋಡವಾ."

ಹತ್ತೇ ನಿಮಿಷದಲ್ಲಿ ಅಡುಗೆಮನೆಯ ಬಾಗಿಲಿಗೆ ಹದಿನಾಲ್ಕು ಜನ! ಮೂಲೆಮನೆಯ ತಮ್ಮಣ್ಣನವರು ಕುರ್ಚಿ ತರಿಸಿಕೊಂಡರು. ಬೆಳಗಾವಿಯ ಗಡಿಯಂತೆ ನನ್ನ ರೊಟ್ಟಿಯ ಗಡಿಯನ್ನೂ ಯಾವ ಆಯೋಗವೂ ತೀರ್ಮಾನಿಸುವಂತಿರಲಿಲ್ಲ. ಆದರೂ ಎಲ್ಲರೂ ಹೊಗಳಿದರು. ಹೊಗಳಲು ಬಂದವರಿಗೆ ಚಹಾ ಕೊಡದೆ ಕಳಿಸಲಾದೀತೇ? ಒಲೆ ನನ್ನ ವಶದಲ್ಲಿತ್ತು. ಕಾಂತಾ ಹೊಸ ಇಳಕಲ್ ಸೀರೆಯ ಸೆರಗು ಸಿಕ್ಕಿಸಿ ಸ್ಟೋವಿಗೆ ಪಂಪು ಹೊಡೆದಳು. ಅಷ್ಟರಲ್ಲಿ ನನ್ನ ಬೆರಳು ಸುಟ್ಟಿತು. ಅವಳೇ ಜೇನುತುಪ್ಪ ಹಚ್ಚಿದಳು, ನೆಲ ಒರೆಸಿದಳು, ಹದಿನಾಲ್ಕು ಕಪ್ಪು ತೊಳೆದಳು. ಒಂಬತ್ತರ ಬಸ್ಸು ಹೋಯಿತು. ಹತ್ತೂವರೆಯದು ಸಿಕ್ಕಿತು.

ಸಂಜೆ ಬಂದು ಚಪ್ಪಲಿ ಬಿಟ್ಟಳು.

"ಯಾಕ ತಡಾ ಆತು ಅಂದ್ರು. ನಮ್ಮನಿಯವ್ರು ಅಡಗಿ ಮಾಡಾಕತ್ತಿದ್ರು ಅಂದೆ. ಆಮ್ಯಾಲ ಅರ್ಧಾ ತಾಸು ಬರೇ ನಿಮ್ಮ ಬಗ್ಗೆನ ಕೇಳಿದ್ರು."

"ಹುದ್ದೆ?"

"ಸಿದರಾಯ ಅಂತ ಒಬ್ರು ಮಾಸ್ತರು ಬಂದಿದ್ರು. ಅವರಿಗೆ ಕೊಟ್ರು. ಹೇಳಿದ ವ್ಯಾಳ್ಯಾಕ ಬಂದು ಕುಂತಿದ್ರಂತ. ಅವರ ಹೆಂಡ್ತಿ ನಸುಕಿನ್ಯಾಗನ ಎದ್ದು ಬುತ್ತಿ ಕಟ್ಟಿ ಕಳಿಸಿದ್ಲಂತ."

ನನಗೆ ತಲೆ ಎತ್ತಲಾಗಲಿಲ್ಲ. ಹನ್ನೆರಡು ವರ್ಷದ ಆಸೆಯನ್ನು ಆರು ರೊಟ್ಟಿಗೆ ಕಳೆದಿದ್ದೆ.

"ನಿಮಗೊಂದು ಸುದ್ದಿ ಐತಿ. ಮುಂದಿನ ರವಿವಾರ ಅಲ್ಲಿ ಮಹಿಳಾ ವರ್ಷದ ಸಭಾ ಮಾಡ್ತಾರಂತ. ಸಮಾನತೆ ಮ್ಯಾಲ ಮಾತಾಡಾಕ ನಿಮ್ಮನ್ನ ಕರದಾರ."

ನಾಚಿಕೆ ಎಲ್ಲಿ ಹೋಯಿತೋ! "ಹೌದೇನು? ಏನ ಮಾತಾಡ್ಲಿ?" ಎಂದುಬಿಟ್ಟೆ.

ಕಾಂತಾ ನನ್ನನ್ನೇ ನೋಡಿದಳು. ಆಮೇಲೆ ಹಾಳೆ, ಪೆನ್ನು ತೆಗೆದು ಕುಳಿತಳು.

"ಬರದು ನಾನ ಕೊಡ್ತೀನಿ. ಓದೂದಾದ್ರೂ ನೀವ ಓದ್ತೀರಿಲ್ಲ?"