ಬಾಯಮ್ಮನ ಪುಸ್ತಕದ ಒಂದು ಹಾಳೆ

ಓಂಕಾರಮೂರ್ತಿಯ ಗ್ರಹಚಾರ ಕೆಟ್ಟದ್ದು ಭಾನುವಾರ ಬೆಳಿಗ್ಗೆ ಏಳೂವರೆಗೆ ಬಂದ ಒಂದು ಫೋನಿನಿಂದ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ತನ್ನ ದಿನಸಿ ಅಂಗಡಿಯಲ್ಲಿ ದೇವರ ಫೋಟೋಕ್ಕೆ ಊದುಬತ್ತಿ ಬೆಳಗಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಅವನು ಆಗ ತಾನೇ ಗಲ್ಲಾದ ಮುಂದೆ ಕೂತಿದ್ದ. ಫೋನು ಮಾಡಿದವಳು ಬಾಳೂರಿನ ಮಿನೇಜಸ್ ರೈಟರ ಮಗಳು ಜಾಸಿಂತಾ. ಅವಳ ತಾಯಿ ಸೆರಫಿನ್ ಬಾಯಿ ತೀರಿಕೊಂಡು ಅವತ್ತಿಗೆ ಮೂವತ್ತು ದಿನ. ಇಗರ್ಜಿಯಲ್ಲಿ, ಅಂದರೆ ಅವರ ಚರ್ಚಿನಲ್ಲಿ ಪೂಜೆ, ಆಮೇಲೆ ಮನೆಯಲ್ಲಿ ಊಟ, ಊಟವಾದ ಮೇಲೆ ಬೇಕಾದವರೆಲ್ಲ ತಾಯಿಯ ಬಗ್ಗೆ ನಾಲ್ಕು ಮಾತು ಆಡಬೇಕು, ನೀವಂತೂ ಆಡಲೇಬೇಕು ಅಂದಳು. ಅಷ್ಟಕ್ಕೇ ಫೋನು ಇಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮಮ್ಮಿ ಅಡುಗೆ ಪುಸ್ತಕ ಸಿಕ್ಕಿದೆ ಅಂಕಲ್. ಬರೀ ಅಡುಗೆ ಅಲ್ಲ, ಯಾರಿಗೆ ಏನು ಇಷ್ಟ ಅಂತಾನೂ ಬರ್ದಿಟ್ಟಿದಾರೆ. ನಿಮ್ಮ ಹೆಸ್ರಲ್ಲಿ ಒಂದು ಇಡೀ ಪುಟ ಇದೆ. ಇವತ್ತು ಎಲ್ರ ಎದುರು ಓದ್ತೀನಿ."

ಓಂಕಾರಮೂರ್ತಿಗೆ ಕೂತಲ್ಲೇ ಬೆವರು ಕಿತ್ತುಕೊಂಡಿತು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಇಪ್ಪತ್ತು ವರ್ಷದ ಹಿಂದೆ, ಮಿನೇಜಸ್ ಅವರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ, ಆಳುಗಳಿಗೆ ಕೊಡುವ ಅಕ್ಕಿಯನ್ನು ಇಳಿಸಲು ಈತ ಜೀಪು ತೆಗೆದುಕೊಂಡು ಹೋಗಿದ್ದ. ರೈಟರ ಮನೆಯ ಅಡುಗೆಮನೆಯಿಂದ ಹಂದಿಮಾಂಸದ ಮಸಾಲೆಯ ಘಮ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು, ಇಲ್ಲವೇ ಧೈರ್ಯವಾಗಿ ತಿಂದು ನಾಲ್ಕು ಜನಕ್ಕೆ ಹೇಳುತ್ತಿದ್ದರು. ಈ ಮಹಾನುಭಾವ ಎರಡನ್ನೂ ಮಾಡಲಿಲ್ಲ. ಹಿಂಬಾಗಿಲಿಗೆ ಹೋಗಿ, ಅತ್ತಿತ್ತ ನೋಡಿ, "ಬಾಯಿ, ನಂಗೂ ಒಂಚೂರು ರುಚಿ ತೋರಿಸ್ತೀರಾ" ಅಂತ ಪಿಸುಗುಟ್ಟಿದ. ಸೆರಫಿನ್ ಬಾಯಿ ಅವನ ಹಣೆ ನೋಡಿದರು, ಮುಖ ನೋಡಿದರು, "ಇವತ್ತು ಮುಗಿದಿದೆ, ಮುಂದಿನ ತಿಂಗಳು ಬನ್ನಿ" ಅಂದರು. ಮುಂದಿನ ತಿಂಗಳು ಹೋದ. ಅಲ್ಲಿಂದ ಶುರುವಾದದ್ದು ಇಪ್ಪತ್ತು ವರ್ಷ ನಡೆಯಿತು. ಪ್ರತಿ ತಿಂಗಳ ಮೊದಲ ಭಾನುವಾರ ಹಿತ್ತಿಲ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುವುದು, ವಿಭೂತಿ ಒರೆಸಿಕೊಳ್ಳುವುದು, ಎರಡು ಸಲ ಹಾಕಿಸಿಕೊಂಡು ತಿನ್ನುವುದು, ಲವಂಗ ಜಗಿಯುವುದು, ಜೀಪಿನಲ್ಲಿದ್ದ ಪೊಟ್ಟಣದಿಂದ ಮತ್ತೆ ವಿಭೂತಿ ಇಟ್ಟುಕೊಂಡು ಊರಿಗೆ ಬರುವುದು.

ತಿನ್ನಲಿ, ಯಾರ ಗಂಟು ಹೋಯಿತು? ಆದರೆ ಫೋನು ಬಂದ ಮಾರನೆಯ ದಿನ ಸೋಮವಾರ, ಮಾಂಸ ಮೊಟ್ಟೆ ಮುಟ್ಟದ ಅವನ ಸಮಾಜದ ಅಧ್ಯಕ್ಷರ ಆಯ್ಕೆ ಇತ್ತು. ಎದುರಾಳಿ ಪೈಪಿನ ಅಂಗಡಿಯ ಹಾಲೇಶ್. ಆ ಹಾಲೇಶ್ ಚಿಕ್ಕಮಗಳೂರಿನ ಯಾವುದೋ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿಂದದ್ದನ್ನು ಯಾರೋ ನೋಡಿದ್ದರು. ಓಂಕಾರಮೂರ್ತಿಗೆ ಅಷ್ಟೇ ಸಾಕಾಗಿತ್ತು. ಎರಡು ತಿಂಗಳಿಂದ ಮನೆಮನೆಗೆ ಹೋಗಿ, "ಮೊಟ್ಟೆ ತಿಂದ ಕೈಗೆ ಕಲ್ಯಾಣ ಮಂಟಪದ ಬೀಗದ ಕೈ ಕೊಡ್ತೀರಾ" ಅಂತ ಕೇಳಿಕೊಂಡು ಬಂದಿದ್ದ. ಜನ ಕೂಡ ಛೇ ಛೇ ಅಂದಿದ್ದರು. ಅಧ್ಯಕ್ಷಗಿರಿ ಗಂಟಲಿನ ತನಕ ಬಂದಾಗಿತ್ತು. ಈಗ ಒಂದು ಹಾಳೆ ಅಡ್ಡ ಬಂತು.

ಓದುವ ಮೊದಲೇ ಆ ಹಾಳೆಯನ್ನು ಹಾರಿಸಿಬಿಡಬೇಕು ಅಂತ ತೀರ್ಮಾನಿಸಿ ಅವನು ಬೇಗ ಹೊರಟ. ಜೀಪಿನ ಹತ್ತಿರ ಬಂದರೆ ಹೆಂಡತಿ ಪ್ರೇಮಕುಮಾರಿ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ನೀನ್ಯಾಕೆ, ಅಲ್ಲೆಲ್ಲ ನಿನಗೆ ಒಗ್ಗೋದಿಲ್ಲ ಅಂದ. ಸೆರಫಿನ್ ಬಾಯಿ ತನಗೂ ಬೇಕಾದವರೇ, ಬಂದೇ ಬರುತ್ತೇನೆ ಅಂದಳು. ಘಾಟಿಯ ತಿರುವುಗಳಲ್ಲಿ ಆತ ಗೇರು ತಪ್ಪಿಸುತ್ತಾ ಬಾಳೂರು ಮುಟ್ಟುವಷ್ಟರಲ್ಲಿ ಪೂಜೆ ಶುರುವಾಗಿತ್ತು. ಇಗರ್ಜಿಯಲ್ಲಿ ಎಲ್ಲರೂ ಎದ್ದಾಗ ಇವನು ಮೊಣಕಾಲೂರಿದ, ಎಲ್ಲರೂ ಮೊಣಕಾಲೂರಿದಾಗ ಎದ್ದು ನಿಂತ. ಹಿಂದಿನ ಬೆಂಚಿನಿಂದ ಹಾಲೇಶ್ ಅಂಗಿ ಎಳೆದು ಕೂರಿಸಿದ. ಎಸ್ಟೇಟಿನ ನೀರಿನ ಪೈಪು ಹಾಕಿಸಿದವನು ಅವನೇ ಆದ್ದರಿಂದ ಅವನಿಗೂ ಕರೆ ಹೋಗಿತ್ತು.

ಊಟದಲ್ಲಿ ಸಸ್ಯಾಹಾರಿಗಳಿಗೆ ಬೇರೆ ಪಂಕ್ತಿ, ಬೇರೆ ಅಡುಗೆಯವರು. ಓಂಕಾರಮೂರ್ತಿ ಎಲ್ಲರಿಗೂ ಕಾಣುವಂತೆ ಮೊದಲ ಎಲೆಯಲ್ಲಿ ಕೂತು ಬರೀ ಅನ್ನ ಮಜ್ಜಿಗೆ ಉಂಡ. ಕಣ್ಣು ಮಾತ್ರ ಒಳಗಿನ ಕೋಣೆಯ ಕಡೆಗಿತ್ತು. ಅಲ್ಲಿ ಯೇಸುವಿನ ಪಟದ ಕೆಳಗೆ, ಮೇಣದ ಬತ್ತಿಯ ಪಕ್ಕ, ಕೆಂಪು ರಟ್ಟಿನ ದಪ್ಪ ನೋಟ್‌ಬುಕ್ಕು ಇತ್ತು.

ಆಮೇಲೆ ಅಂಗಳದಲ್ಲಿ ಕುರ್ಚಿ ಹಾಕಿದರು. ಮೊದಲು ಎದ್ದವಳು ಗಿಡ್ಡಮ್ಮ, ಎಸ್ಟೇಟಿನಲ್ಲಿ ಹಣ್ಣು ಕೊಯ್ಯುತ್ತಿದ್ದ ಮುದುಕಿ. "ನಂಗೆ ತಾಯಿ ಇರ್ಲಿಲ್ಲ. ಮೂರು ಬಾಣಂತನಕ್ಕೂ ಬಾಯಮ್ಮನೇ ಬಿಸಿನೀರು ಹುಯ್ದಿದ್ದು. ಅಷ್ಟೇಯ ನಂಗೆ ಗೊತ್ತಿರದು" ಅಂದು, ಕಣ್ಣೊರೆಸಿಕೊಂಡು, ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದಳು. ಆವತ್ತು ಆ ಅಂಗಳದಲ್ಲಿ ಸತ್ತವರ ಬಗ್ಗೆ ಮಾತಾಡಿದವಳು ಅವಳೊಬ್ಬಳೇ. ಉಳಿದವರು ತಮ್ಮ ಬಗ್ಗೆ ಮಾತಾಡಿದರು. ನಮ್ಮ ಜನಕ್ಕೆ ಇದೊಂದು ರೋಗ. ತೀರಿಹೋದವರ ನೆನಪು ಹೇಳಿ ಅಂದರೆ, ಅವರನ್ನು ಮೂಲೆಯಲ್ಲಿ ಕೂರಿಸಿ ತಮ್ಮ ಆತ್ಮಕತೆ ಬಿಚ್ಚುತ್ತಾರೆ. ರಿಟೈರ್ಡ್ ಹೆಡ್‌ಮಾಸ್ಟರ್ ದಾಮೋದರ ಅವರು ತಮಗೆ ತಾಲ್ಲೂಕು ಮಟ್ಟದ ಪ್ರಶಸ್ತಿ ಬಂದ ಸಂದರ್ಭವನ್ನು ಮೊದಲಿನಿಂದ ಹೇಳತೊಡಗಿದರು. ಆ ಪ್ರಶಸ್ತಿಯ ಶಾಲನ್ನು ಸೆರಫಿನ್ ಬಾಯಿ ಮುಟ್ಟಿ ನೋಡಿ ಚೆನ್ನಾಗಿದೆ ಅಂದಿದ್ದರಂತೆ. ಬಾಯಿಯವರಿಗೆ ಸಿಕ್ಕ ಜಾಗ ಅಷ್ಟೇ.

ದಾಮೋದರ ಮೇಷ್ಟ್ರು ಬಾಯಿ ಬಿಟ್ಟರೆ ಅರ್ಧ ಗಂಟೆ ಅಂತ ಓಂಕಾರಮೂರ್ತಿಗೆ ಗೊತ್ತಿತ್ತು. ಕೈ ತೊಳೆದು ಬರುತ್ತೇನೆ ಅಂತ ಎದ್ದು, ಒಳಗಿನ ಕೋಣೆಗೆ ನುಗ್ಗಿ, ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಮರೆ ಮಾಡಿದ. ಕನ್ನಡ ಅಕ್ಷರ, ಕೊಂಕಣಿ ಭಾಷೆ. ಹಾಳೆ ಮಗುಚುತ್ತಾ ಹೋದ. ಹಾಳೆಯ ನೆತ್ತಿಯಲ್ಲಿ ಕೆಳಗೆರೆ ಎಳೆದ ಅವನ ಹೆಸರು ಸಿಕ್ಕಿತು. ಅದರ ಕೆಳಗಿನದು ಅರ್ಥವಾಗಲಿಲ್ಲ, ಆದರೆ ನಡುವೆ ಒಂದು ಕಡೆ 'ದುಕ್ರಾಮಾಸ್' ಅಂತ ಇತ್ತು. ಹಂದಿಮಾಂಸಕ್ಕೆ ಕೊಂಕಣಿಯಲ್ಲಿ ಏನನ್ನುತ್ತಾರೆ ಅಂತ ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಮುಂದೆ ಓದುವ ಗೋಜಿಗೆ ಹೋಗದೆ ಹಾಳೆಯನ್ನು ಪರ್ರನೆ ಹರಿದು, ಉಂಡೆ ಮಾಡಿ, ಹಂಡೆಯ ಒಲೆಗೆ ತುರುಕಿದ. ಅದು ಉರಿದು ಬೂದಿಯಾಗುವ ತನಕ ಬಗ್ಗಿ ನೋಡಿದ. ಪುಸ್ತಕವನ್ನು ಇದ್ದಲ್ಲೇ ಇಟ್ಟು ಅಂಗಳಕ್ಕೆ ಬಂದಾಗ ಮೇಷ್ಟ್ರು ಇನ್ನೂ ಶಾಲು ಹೊದೆಸಿಕೊಳ್ಳುತ್ತಿದ್ದರು.

ಭಯ ಹೋದ ಮೇಲೆ ಅವನಿಗೆ ನಾಲಿಗೆ ಬಂತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಸುಮ್ಮನಿರುವ ಜಾತಿಯೇ ಅದು? ತನ್ನ ಸರದಿ ಬಂದಾಗ ಎದ್ದು, ಹಾಲೇಶನ ಕಡೆ ಒಂದು ನೋಟ ಎಸೆದು, ಗಂಟಲು ಸರಿಮಾಡಿಕೊಂಡ. ಸೆರಫಿನ್ ಬಾಯಿ ಬೇರೆ ಧರ್ಮದವರಾದರೂ ತನ್ನ ಆಚಾರಕ್ಕೆ ಬಹಳ ಮರ್ಯಾದೆ ಕೊಡುತ್ತಿದ್ದರು ಅಂದ. ಕೆಲವರ ಹಾಗೆ ತಾನು ಕಂಡಕಂಡಲ್ಲಿ ಬಾಯಾಡಿಸುವವನಲ್ಲ ಅಂದ.

"ಇಪ್ಪತ್ತು ವರ್ಷದಿಂದ ಈ ಮನೆಗೆ ಬರ್ತಿದೀನಿ. ಬಾಗ್ಲಲ್ಲಿ ನಿಂತು ಅಕ್ಕಿ ಇಳಿಸಿದ್ದಷ್ಟೇ. ಇವತ್ತು ಬೇರೆ ಪಂಕ್ತಿಲಿ ಉಂಡ ಮಜ್ಜಿಗೆ ಅನ್ನ ಬಿಟ್ರೆ, ಈ ಮನೆಯ ಒಂದು ತೊಟ್ಟು ನೀರು ನನ್ನ ಗಂಟಲಲ್ಲಿ ಇಳಿದಿಲ್ಲ."

ಮೂಲೆಯಲ್ಲಿ ಕೂತಿದ್ದ ಮಿನೇಜಸ್ ರೈಟರು ತಲೆ ತಗ್ಗಿಸಿದರು. ಹೆಂಡತಿ ಇವನಿಗೆ ಬಡಿಸುವುದನ್ನು ಕಣ್ಣಾರೆ ಕಂಡ ಮನುಷ್ಯ ಅವರು. ಪ್ರೇಮಕುಮಾರಿ ಗಂಡನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ನಾಚಿಕೆ ಇತ್ತು. ಓಂಕಾರಮೂರ್ತಿ ಅದನ್ನು ದುಃಖ ಅಂತ ತಿಳಿದು ಇನ್ನೆರಡು ಮಾತು ಸೇರಿಸಿ ಕೂತ.

ಕೊನೆಗೆ ಜಾಸಿಂತಾ ಪುಸ್ತಕ ತಂದಳು. ಬಿಡಿಸಿದಳು, ಮಗುಚಿದಳು, ಮತ್ತೆ ಮಗುಚಿದಳು. ಓಂಕಾರಮೂರ್ತಿ ಅಂಕಲ್ ಪುಟ ಇಲ್ಲ, ಯಾರೋ ಹರಿದಿದ್ದಾರೆ ಅಂದಳು. ಹಾಲೇಶ್ ಕುರ್ಚಿಯಿಂದ ಎದ್ದೇ ಬಂದು ಹರಿದ ಅಂಚು ಮುಟ್ಟಿ ನೋಡಿದ, ಇದು ಹಳೇದಲ್ಲ, ಇವತ್ತಿನ ಕೆಲಸ ಅಂದ. ಓಂಕಾರಮೂರ್ತಿ ಜಿರಳೆ ಕಾಟದ ಬಗ್ಗೆ ಏನೋ ಹೇಳಹೊರಟ. ಅಷ್ಟರಲ್ಲಿ ತೊಳೆದ ಪಾತ್ರೆ ಹೊತ್ತು ಬಂದ ಗಿಡ್ಡಮ್ಮ ನಿಂತಳು.

"ಈ ಅಯ್ಯನೋರೇ ಬಚ್ಚಲ ಒಲೆಗೆ ಕಾಗ್ದ ಹಾಕ್ತಿದ್ರಲ್ಲ. ನಾನು ಕಿಂಡಿ ಆಚೆ ಹಿತ್ತಿಲಲ್ಲಿ ಕೂತು ಪಾತ್ರೆ ತಿಕ್ತಿದ್ದೆ. ಬೆಂಕಿ ಆರದೆ ಇರ್ಲಿ ಅಂತ ಹಾಕ್ತಾವ್ರೆ ಅಂದ್ಕಂಡೆ" ಅಂದಳು.

ಅಂಗಳಕ್ಕೆ ಅಂಗಳವೇ ಅವನ ಕಡೆ ತಿರುಗಿತು. ಅದರಲ್ಲಿ ಅಂಥಾದ್ದೇನಿತ್ತು ಅಂತ ಹಾಲೇಶ್ ಬಹಳ ಮೆಲ್ಲಗೆ ಕೇಳಿದ. ಜಾಸಿಂತಾ ಪಾಪ, ಬಂದ ನೆಂಟರಿಗೆ ಮುಜುಗರ ಆಗಬಾರದು ಅಂತ ನಕ್ಕಳು. ಹೋದರೆ ಹೋಗಲಿ, ಆ ಪುಟ ನನಗೆ ಬಾಯಿಪಾಠ, ಅಂಕಲ್‌ಗೆ ಮಮ್ಮಿ ಏನು ಮಾಡಿ ಬಡಿಸುತ್ತಿದ್ದರು ಅಂತ ಹಾಗೇ ಹೇಳಿಬಿಡುತ್ತೇನೆ ಅಂದಳು.

ಓಂಕಾರಮೂರ್ತಿಯ ಧೈರ್ಯ ಅಲ್ಲಿಗೆ ಕುಸಿಯಿತು. ಹೇಗೂ ಹೊರಗೆ ಬರುತ್ತದೆ, ಇನ್ನೊಬ್ಬರ ಬಾಯಿಂದ ಬರುವ ಬದಲು ತಾನೇ ಒಂದಿಷ್ಟು ಕಡಿಮೆ ಮಾಡಿ ಹೇಳಿದರೆ ಮರ್ಯಾದೆ ಸ್ವಲ್ಪವಾದರೂ ಉಳಿದೀತು ಅಂತ ಆ ತಲೆಗೆ ಹೊಳೆಯಿತು. ಕೈ ಎತ್ತಿಕೊಂಡು ಎದ್ದ.

"ಬೇಡ ಮಗಾ, ನಾನೇ ಹೇಳ್ತೀನಿ. ತಿಂದಿದೀನಿ. ಹಂದಿ ತಿಂದಿದೀನಿ. ತಿಂಗಳಿಗೆ ಒಂದೇ ಸಲ. ಶ್ರಾವಣದಲ್ಲಿ ಮುಟ್ಟಿಲ್ಲ, ಶಿವರಾತ್ರಿ ತಿಂಗಳಲ್ಲೂ ಮುಟ್ಟಿಲ್ಲ."

ದಾಮೋದರ ಮೇಷ್ಟ್ರು ಕೂಡ ಬಾಯಿ ಮುಚ್ಚಿಕೊಂಡು ಕೂತಿದ್ದರು. ಜಾಸಿಂತಾ ತಬ್ಬಿಬ್ಬಾಗಿ ತಂದೆಯ ಮುಖ ನೋಡಿದಳು, ಆಮೇಲೆ ಇವನ ಮುಖ ನೋಡಿದಳು.

"ಹಂದಿ ಯಾಕೆ ಅಂಕಲ್? ನಿಮಗೆ ಮಾಡ್ತಿದ್ದದ್ದು ಹಲಸಿನ ಎಳೇ ಕಾಯಿ, ಗುಜ್ಜೆ ಅಲ್ವಾ? ಪುಟದಲ್ಲಿ ಅದೇ ಇದ್ದದ್ದು. ದುಕ್ರಾಮಾಸಿಗೆ ಹಾಕೋ ಮಸಾಲೆನೇ ಗುಜ್ಜೆಗೆ ಹಾಕ್ಬೇಕು, ಅವ್ರಿಗೆ ಹಾಗೇ ಇಷ್ಟ ಅಂತ. ಎಳೆ ಗುಜ್ಜೆನ ಇಷ್ಟು ಆಸೆಯಿಂದ ತಿನ್ನೋರನ್ನ ನಾನು ಎಲ್ಲೂ ಕಂಡಿಲ್ಲ ಅಂತಾನೂ ಬರ್ದಿದ್ರು."

ಆಗ ಪ್ರೇಮಕುಮಾರಿ ಎದ್ದು ನಿಂತಳು. ಅವಳು ಹೇಳಿದ್ದರ ಸಾರಾಂಶ ಇಷ್ಟು. ಗಂಡ ಹಿಂಬಾಗಿಲಲ್ಲಿ ನಿಂತು ಕೇಳಿದ ಮೂರನೇ ದಿನಕ್ಕೆ ಸೆರಫಿನ್ ಬಾಯಿ ಮೂಡಿಗೆರೆಗೆ ಬಂದು, ನಿಮ್ಮ ಯಜಮಾನರು ಹೀಗೆ ಕೇಳಿದರು, ಇಲ್ಲ ಅಂದರೆ ಬೇಜಾರಾಗುತ್ತಾರೆ, ಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದರು. ಅವರಿಗೆ ತಿಂದು ಗೊತ್ತಿಲ್ಲವಲ್ಲ, ಗುಜ್ಜೆ ಮಾಡಿ ಕೊಡಿ ಅಂತ ಇವಳೇ ಅಂದಿದ್ದಳು. ಕಾಲವಲ್ಲದ ಕಾಲಕ್ಕೆ ಬೇಕಾಗುತ್ತದೆ ಅಂತ ಇಬ್ಬರೂ ಸೇರಿ ಪ್ರತಿ ವರ್ಷ ಭರಣಿಯಲ್ಲಿ ಉಪ್ಪುನೀರಿಗೆ ಗುಜ್ಜೆ ಹಾಕಿಡುತ್ತಿದ್ದರು. ಇವರು ಹಂದಿ ಕೇಳಿದ್ದರು ಅನ್ನುವ ಮಾತನ್ನು ಬಾಯಿ ಗಂಡನ ಹತ್ತಿರವೂ ಆಡಿರಲಿಲ್ಲ, ಮಗಳ ಹತ್ತಿರವೂ ಆಡಿರಲಿಲ್ಲ, ಪುಸ್ತಕದಲ್ಲೂ ಬರೆದಿರಲಿಲ್ಲ.

"ನಿಮ್ಮ ಮರ್ಯಾದೆನ ಅವ್ರು ಸಾಯೋತನಕ ಕಾಪಾಡಿದ್ರು. ನೀವು ಅವ್ರ ಮನೇಲಿ ಒಂದು ತೊಟ್ಟು ನೀರು ಕುಡಿದಿಲ್ಲ ಅಂದ್ರಲ್ಲ" ಅಂದಳು. ಆ ಮಾತಿಗೆ ಹತ್ತಿರದ ಕುರ್ಚಿಯಲ್ಲಿದ್ದ ಹೆಂಗಸರು ಕಣ್ಣಿಗೆ ಸೆರಗು ಒತ್ತಿಕೊಂಡರು.

ಓಂಕಾರಮೂರ್ತಿ ಕಣ್ಣಿಗೆ ಸೆರಗು ಒತ್ತಿಕೊಳ್ಳುವವನಲ್ಲ. ಅವನಿಗೆ ಆ ಗಳಿಗೆಯಲ್ಲೂ ಕಂಡದ್ದು ಅಧ್ಯಕ್ಷನ ಕುರ್ಚಿ. ಕೇಳಿದ್ರಲ್ಲ, ನಾನು ತಿಂದದ್ದು ಗುಜ್ಜೆ, ಶುದ್ಧ ಸಸ್ಯಾಹಾರ, ಇಪ್ಪತ್ತು ವರ್ಷದಲ್ಲಿ ಒಂದು ಮೊಟ್ಟೆ ಕೂಡ ಮುಟ್ಟಿಲ್ಲ ಅಂತ ಹಾಲೇಶನ ಮುಂದೆ ಎದೆಯುಬ್ಬಿಸಿದ.

ಹಾಲೇಶ್ ಅವಸರವೇನೂ ಮಾಡಲಿಲ್ಲ. "ಇರಬಹುದು ಮಾರಾಯ. ಆದ್ರೆ ನಾಳೆ ಸಭೆಯಲ್ಲಿ ಜನ ಕೇಳ್ತಾರಲ್ಲ. ಹಂದಿ ತಿಂದಿದೀನಿ ಅಂತ ನೀನೇ ಒಪ್ಪಿಕೊಂಡದ್ದಕ್ಕೆ ಇಷ್ಟು ಜನ ಸಾಕ್ಷಿ. ಗುಜ್ಜೆ ಅನ್ನೋದಕ್ಕೆ ನಿನ್ನ ಹೆಂಡ್ತಿ, ಈ ಮನೆ ಹುಡುಗಿ ಇಬ್ರೇ, ಹೆಂಡ್ತಿ ಅಂದ್ಮೇಲೆ ಗಂಡನ್ನ ಬಿಟ್ಟುಕೊಡ್ತಾರಾ, ಈ ಹುಡುಗಿ ಮನೆಗೆ ಬಂದ ನೆಂಟನ್ನ ಬಿಟ್ಟುಕೊಡ್ತಾಳಾ? ಬಾಯಿಯವ್ರ ಕೈಬರಹ ಇದ್ದಿದ್ರೆ ಮಾತು ಬೇರೆ. ಅದನ್ನ ಎಲ್ಲಿಟ್ಟಿದೀಯ, ತಗೊಂಡು ಬಾ" ಅಂದ.

ಓಂಕಾರಮೂರ್ತಿ ಬಚ್ಚಲಿಗೆ ಓಡಿಹೋಗಿ ಒಲೆ ಕೆದಕಿದ್ದೂ ಉಂಟು. ಅಲ್ಲಿಂದ ಎರಡೂ ಕೈ ಮಸಿ ಮಾಡಿಕೊಂಡು ಬಂದು, ಯಾರಿಗೂ ಹೇಳದೆ ಜೀಪು ಹತ್ತಿದ. ಪ್ರೇಮಕುಮಾರಿ ಮಿನೇಜಸ್ ಅವರಿಗೆ ಕೈ ಮುಗಿದು, ಜಾಸಿಂತಾಳನ್ನು ಅಪ್ಪಿಕೊಂಡು, ನಿಧಾನವಾಗಿ ಬಂದು ಕೂತಳು.

ಮೂಡಿಗೆರೆ ಇನ್ನೇನು ಬಂತು ಅನ್ನುವಾಗ ಓಂಕಾರಮೂರ್ತಿ ಜೀಪನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಅಧ್ಯಕ್ಷಗಿರಿಗಿಂತ ದೊಡ್ಡ ಪ್ರಶ್ನೆಯೊಂದು ಅವನಿಗಿತ್ತು. ಹೆಂಡತಿಯ ಕಡೆ ನೋಡದೆ ಕೇಳಿದ.

"ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ನಿಜವಾದ್ದು ಹಾಕ್ಲಿಲ್ವಾ?"

"ಒಂದು ಸಲಾನೂ ಇಲ್ಲ."

"ಹಾಗಾದ್ರೆ ಅದು ಹೇಗಿರುತ್ತೆ ಅಂತ ನಂಗೆ ಗೊತ್ತೇ ಇಲ್ಲ" ಅಂದ ಅವನು, ಅಳುವ ದನಿಯಲ್ಲಿ.

"ಹಾಲೇಶಣ್ಣನ್ನ ಕೇಳಿ. ನಾವು ಹೊರಡುವಾಗ ಒಳಗೆ ಕೂತು ದುಕ್ರಾಮಾಸ್ ಎರಡನೇ ಸಲ ಹಾಕಿಸ್ಕೊಳ್ತಿದ್ರು. ನಾಳೆಯಿಂದ ಅವರೇ ಅಧ್ಯಕ್ಷರು ಬೇರೆ, ಸರಿಯಾಗೇ ಹೇಳ್ತಾರೆ" ಅಂದಳು ಪ್ರೇಮಕುಮಾರಿ.