ಫರ್ನೇಸಿನ ಮೇಲೆ ಉಪನ್ಯಾಸ

ಎಂಜಿನಿಯರ್ ಎನಿಸಿಕೊಂಡವನ ಬಾಯಿಂದ ‘ಗೊತ್ತಿಲ್ಲ’ ಎಂಬ ಮೂರಕ್ಷರದ ಮಾತು ಹೊರಟಿದ್ದನ್ನು ನಾನಂತೂ ಕೇಳಿಲ್ಲ. ನನ್ನ ಬಾಯಿಂದ ಹೊರಟ ದಾಖಲೆಯಂತೂ ಇಲ್ಲವೇ ಇಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶುಭಾ, ‘ಮಳೆ ಬರೋ ಹಾಗಿದೆಯೇನ್ರೀ?’ ಎಂದು ಮಾತಿಗೆ ಕೇಳಿದ್ದಕ್ಕೆ ನಾನು ಪಾರ್ಕಿನ ನಡುವೆ ನಿಂತು ಕಾಲು ಗಂಟೆ ಗಾಳಿಯ ತೇವಾಂಶವನ್ನು ವಿವರಿಸಿದೆ. ಬರುವುದಿಲ್ಲ ಎಂದು ನಾನು ತೀರ್ಮಾನಕ್ಕೆ ಬರುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದೆವು. ಅಂದಿನಿಂದ ಅವಳು ನನ್ನನ್ನು ಏನನ್ನೂ ಕೇಳುವುದಿಲ್ಲ. ಆದರೆ ಅಮೆರಿಕದಲ್ಲಿ ನಾವಿರುವ ನೋವೈ ಎಂಬ ಊರಿನ ಕನ್ನಡಿಗರಿಗೆ ಈ ಅನುಭವ ಆಗಿಲ್ಲವಲ್ಲ, ಅವರು ಕೇಳುತ್ತಾರೆ. ಪಕ್ಕದ ಊರು ವಿಕ್ಸಮ್‌ನ ಒಂದು ಕಂಪನಿಯಲ್ಲಿ ಕಾರಿನ ಹೀಟರುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಹಾಗಾಗಿ ಬಿಸಿಯಾಗುವ ವಸ್ತುಗಳೆಲ್ಲ ನನ್ನ ಖಾತೆಗೆ ಸೇರಿದವು ಎಂದು ಅವರ ನಂಬಿಕೆ. ಓವನ್ ಕೆಟ್ಟರೆ ನನಗೆ ಫೋನು, ನಲ್ಲಿಯಲ್ಲಿ ಬಿಸಿನೀರು ಬರದಿದ್ದರೆ ನನಗೆ ಫೋನು. ಒಬ್ಬ ಪುಣ್ಯಾತ್ಮರು ಮಗುವಿನ ಜ್ವರದ ಬಗ್ಗೆಯೂ ಕೇಳಿದ್ದರು. ಅದಕ್ಕೂ ಉತ್ತರ ಕೊಟ್ಟೆ.

ಹೀಗಿರುವಾಗ ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ನಾಗರಾಜ್ ಒಂದು ದಿನ ಫೋನು ಮಾಡಿ, ‘ಶ್ರೀಧರ್ ಸರ್, ಸಂಕ್ರಾಂತಿ ಶನಿವಾರ ನಿಮ್ಮನೇಲೇ ಎಳ್ಳು ಬೀರೋ ಕಾರ್ಯಕ್ರಮ ಇಟ್ಕೋತೀವಿ ಅಂದ್ರಲ್ಲ, ಹಾಗೇ ಫರ್ನೇಸ್ ಬಗ್ಗೆ ಒಂದು ಸಣ್ಣ ಟಾಕ್ ಕೊಟ್‌ಬಿಡಿ. ಸುಮ್ಮನೆ ಕೆಟ್ಟೋದಾಗ ಏನು ಮಾಡ್ಬೇಕು ಅಂತ’ ಎಂದರು. ಮೈಸೂರಿನಲ್ಲಿ ಕುಳಿತು ಇದನ್ನು ಓದುವವರಿಗೆ ಒಂದು ಮಾತು. ಫರ್ನೇಸು ಎಂದರೆ ಇಲ್ಲಿನ ಮನೆಗಳ ನೆಲಮಾಳಿಗೆಯಲ್ಲಿ ಬೀರುವಿನಂತೆ ನಿಂತಿರುವ ಒಂದು ತಗಡಿನ ಪೆಟ್ಟಿಗೆ. ಗ್ಯಾಸು ಉರಿಸಿ, ಗಾಳಿ ಬಿಸಿ ಮಾಡಿ, ಮನೆಯ ಮೂಲೆಮೂಲೆಗೂ ಊದುತ್ತದೆ. ಅದು ನಡೆಯುತ್ತಿರುವಷ್ಟು ದಿನ ಅದೊಂದು ಇದೆ ಎಂಬುದೇ ನೆನಪಿರುವುದಿಲ್ಲ. ನಿಂತಿತೋ, ಜನವರಿಯಲ್ಲಿ ಮೊದಲು ಮನುಷ್ಯರು ಗಡಗಡ ನಡುಗುತ್ತಾರೆ, ಆಮೇಲೆ ಗೋಡೆಯೊಳಗಿನ ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಇಂಥ ಗಂಭೀರ ವಿಷಯದ ಮೇಲೆ ನನ್ನನ್ನು ಮಾತಾಡಲು ಕರೆದರೆ ನಾನು ಬೇಡ ಎನ್ನುವವನೇ? ‘ಅರ್ಧ ಗಂಟೆ ಸಾಲದು, ಮುಕ್ಕಾಲು ಗಂಟೆ ಕೊಡಿ’ ಎಂದೆ. ವಾಟ್ಸಾಪಿನಲ್ಲಿ ನನ್ನ ಫೋಟೋ ಹಾಕಿ, ಕೆಳಗೆ ‘ತಜ್ಞರು’ ಎಂದು ಬರೆದ ಆಹ್ವಾನ ಪತ್ರಿಕೆ ಬಂತು. ಅದನ್ನು ನಾನು ನಾಲ್ಕು ಗುಂಪುಗಳಿಗೆ ಕಳಿಸಿದೆ. ನಾನೇ ಇಲ್ಲದ ಒಂದು ಗುಂಪಿಗೆ ಶುಭಾಳ ಕೈಲಿ ಕಳಿಸಿದೆ.

ಶುಕ್ರವಾರ ಸಂಜೆ ಒಂದಡಿ ಹಿಮ ಬಿತ್ತು. ಮರುದಿನ ಬರುವ ಅತಿಥಿಗಳ ಕಾರುಗಳಿಗೆ ಜಾಗ ಬೇಕಲ್ಲ, ಹಿಮ ಎಸೆಯುವ ಯಂತ್ರ ತಳ್ಳಿಕೊಂಡು ಡ್ರೈವ್‌ವೇಯನ್ನೆಲ್ಲ ನಾನೇ ಕನ್ನಡಿಯಂತೆ ಮಾಡಿದೆ. ಬಾಗಿಲಲ್ಲಿ ನಿಂತ ಶುಭಾ, ‘ಅದೆಲ್ಲ ಗೋಡೆ ಪಕ್ಕಕ್ಕೇ ಯಾಕ್ರೀ ಹಾಕ್ತಾ ಇದೀರಾ?’ ಎಂದು ಕೂಗಿದಳು. ಹುಲ್ಲುಹಾಸಿನ ಮೇಲೆ ಹಿಮ ಗುಡ್ಡೆ ಬಿದ್ದರೆ ನೋಡಲು ಚೆನ್ನಾಗಿರುವುದಿಲ್ಲ, ಮನೆಯ ಪಕ್ಕದ ಓಣಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನನ್ನ ಲೆಕ್ಕ. ‘ನಿಂಗೆ ಅರ್ಥ ಆಗಲ್ಲ ಬಿಡು’ ಎಂದೆ.

ಶನಿವಾರ ಬೆಳಗ್ಗೆ ಎದ್ದು ಕೆಳಗಿಳಿದಾಗ ನೆಲ ಮಂಜುಗಡ್ಡೆಯಂತೆ ಕಾಲಿಗೆ ತಾಕಿತು. ಥರ್ಮೋಸ್ಟಾಟ್ ನೋಡಿದರೆ ಐವತ್ತೆಂಟು ಡಿಗ್ರಿ. ಫ್ಯಾರನ್‌ಹೀಟಿನಲ್ಲಿ ಐವತ್ತೆಂಟು ಎಂದರೆ ಮನೆಯೊಳಗೆ ಮಂಕಿ ಕ್ಯಾಪು ಹಾಕುವ ಕಾಲ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಆಗಲೇ ಮಂಕಿ ಕ್ಯಾಪು, ಎರಡು ಸ್ವೆಟರು, ಮೇಲೊಂದು ನನ್ನ ಹಳೆಯ ಜಾಕೆಟ್ಟು ಹಾಕಿಕೊಂಡು ಸೋಫಾದ ಮೇಲೆ ಕೂತು ಕೊಬ್ಬರಿ ಹೆಚ್ಚುತ್ತಿದ್ದರು. ‘ಏನೂ ತೊಂದ್ರೆ ಇಲ್ಲ ಅಳಿಯಂದ್ರೇ, ಕೊಬ್ಬರಿ ಹೆಚ್ಚೋಕೆ ತಣ್ಣಗಿದ್ರೇನೇ ಒಳ್ಳೇದು’ ಎಂದರು. ಆ ಮಾತಿನಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ. ಹದಿಮೂರು ವರ್ಷದ ಮಗಳು ಅನಿಕಾ ರಜಾಯಿ ಹೊದ್ದುಕೊಂಡೇ ಮೆಟ್ಟಿಲಿಳಿದು ಬಂದು, ‘ಅಪ್ಪಾ, ಯು ಆರ್ ಗಿವಿಂಗ್ ಎ ಟಾಕ್ ಆನ್ ದಿಸ್ ಟುಡೇ, ರೈಟ್?’ ಎಂದಳು. ಇವಳ ಮಾತಿನಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿರಲಿಲ್ಲ.

ಸಂಜೆ ನಾಲ್ಕಕ್ಕೆ ಮೂವತ್ತು ಜನ ಬರುತ್ತಾರೆ. ಪೈಪು ಒಡೆದರೆ ಪ್ಲಂಬರ್ ಬಂದು ಸರಿಮಾಡಿಕೊಡುತ್ತಾನೆ, ಮಾನ ಹೋದರೆ ಯಾರನ್ನು ಕರೆಯುವುದು? ನನ್ನ ಉಪನ್ಯಾಸದ ಟಿಪ್ಪಣಿಯನ್ನೇ ಕೈಯಲ್ಲಿ ಹಿಡಿದು ಕೆಲಸ ಶುರು ಮಾಡಿದೆ. ಥರ್ಮೋಸ್ಟಾಟಿನ ಬ್ಯಾಟರಿ ಬದಲಿಸಿದೆ. ಫಿಲ್ಟರು ಬದಲಿಸಿದೆ. ಸ್ವಿಚ್ಚು ಆರಿಸಿ ಹಾಕಿದೆ. ಪ್ರತಿ ಸಲವೂ ಪೆಟ್ಟಿಗೆಯೊಳಗೆ ಏನೋ ಒಂದು ಗುಂಯ್ ಎಂದು ಶುರುವಾಗಿ, ಅರ್ಧ ನಿಮಿಷಕ್ಕೆ ಮನಸ್ಸು ಬದಲಾಯಿಸಿ ಸುಮ್ಮನಾಗುತ್ತಿತ್ತು. ಹನ್ನೊಂದು ಗಂಟೆಗೆ ನನ್ನ ಟಿಪ್ಪಣಿಯೂ ಮುಗಿಯಿತು, ವಿದ್ಯೆಯೂ ಮುಗಿಯಿತು. ಮನೆ ಐವತ್ತೈದಕ್ಕೆ ಇಳಿದಿತ್ತು. ರಿಪೇರಿಯವರಿಗೆ ಫೋನು ಮಾಡಿದರೆ ಇಡೀ ಊರಿನ ಫರ್ನೇಸುಗಳು ಕೆಟ್ಟಿವೆಯಂತೆ, ಭಾನುವಾರಕ್ಕೆ ಮೊದಲು ಯಾರೂ ಸಿಗುವುದಿಲ್ಲವಂತೆ.

ಊರೊಳಗೆ ಯಾರನ್ನಾದರೂ ಕೇಳಿದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೇ ಶಿಕಾಗೋ ಕಡೆ, ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಗೆಳೆಯ ಬಸವರಾಜರಿಗೆ ಫೋನು ಹಚ್ಚಿದೆ. ಧಾರವಾಡದವರು, ಮನೆಯ ರಿಪೇರಿಗಳನ್ನೆಲ್ಲ ತಾವೇ ಮಾಡಿಕೊಳ್ಳುವವರು. ಮೊದಲು ಐದು ನಿಮಿಷ ನಕ್ಕರು. ‘ಏನ್ರೀ ಸರ್, ನಿಮ್ಮ ಫೋಟೋ ನೋಡಿ ನಾನೂ ಬರಬೇಕಂತ ಮಾಡಿದ್ದೆ!’ ಎಂದರು. ಆಮೇಲೆ, ‘ಫರ್ನೇಸಿನ ಬಾಗಲದಾಗ ಒಂದು ಸಣ್ಣ ಗಾಜಿನ ಕಿಂಡಿ ಇರ್ತೈತಿ ನೋಡ್ರಿ. ಅದರೊಳಗ ಒಂದು ಲೈಟ್ ಮಿಣಮಿಣ ಅಂತಿರಬೇಕು. ಎಷ್ಟು ಸಲ ಮಿಣಕತೈತಿ ಎಣಿಸಿದ್ರ ಏನಾಗೇತಂತ ಗೊತ್ತಾಗ್ತೈತಿ’ ಎಂದರು. ನಾನು ಬಗ್ಗಿ ಬಾಗಿಲನ್ನು ಮೇಲಿಂದ ಕೆಳಗೆ ಹುಡುಕಿದೆ. ಕಿಂಡಿಯೇ ಕಾಣಲಿಲ್ಲ. ಬಾಗಿಲನ್ನೇ ಕಿತ್ತು ಒಳಗೆ ನೋಡಿದೆ. ಯಾವ ಲೈಟೂ ಇಲ್ಲ, ಎಲ್ಲ ಕತ್ತಲು. ‘ಏನೂ ಉರೀತಿಲ್ಲ’ ಎಂದೆ. ‘ಹಂಗಾರ ಒಳಗಿನ ಸರ್ಕ್ಯೂಟ್ ಬೋರ್ಡ್ ಹೋತ್ ಬಿಡ್ರಿ’ ಎಂದರು ಬಸವರಾಜ್, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಬಾಗಿಲು ಮುಚ್ಚಿ ಮೇಲೆ ಬಂದು ಶುಭಾಳಿಗೆ ಹೇಳಿದೆ: ‘ಕಾರ್ಯಕ್ರಮ ಕ್ಯಾನ್ಸಲ್ ಮಾಡೋಣ. ನಂಗೆ ಗಂಟಲು ಕಟ್ಟಿದೆ ಅಂತ ಹೇಳ್ತೀನಿ.’ ಅವಳು ಎಳ್ಳುಬೆಲ್ಲ ಕಲಸುವುದನ್ನು ನಿಲ್ಲಿಸಲಿಲ್ಲ. ‘ಮೂವತ್ತು ಪೊಟ್ಟಣ ಕಟ್ಟಿದೀನಿ. ಕಬ್ಬು ತರೋಕೆ ಮೂರು ಅಂಗಡಿ ಅಲೆದಿದೀನಿ. ನೀವು ಗಂಟಲಾದ್ರೂ ಕಟ್ಕೊಳ್ಳಿ, ಸೊಂಟನಾದ್ರೂ ಕಟ್ಕೊಳ್ಳಿ, ಜನ ಬರ್ತಾರೆ’ ಎಂದಳು. ನಾನು ಜೋಲು ಮುಖ ಹಾಕಿಕೊಂಡು ಕುಳಿತೆ. ನಿಜ ಹೇಳುತ್ತೇನೆ, ಆಗ ನನಗೆ ಅಳು ಬರುವಂತಾಗಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಆದರೆ ನಾನು ಮಾಡಿದ್ದಾದರೂ ಏನು ಎಂದು ನನಗೆ ಹೊಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಒಂದು ಒದ್ದೆ ಬಟ್ಟೆ, ಒಂದು ಕುಂಕುಮದ ಬಟ್ಟಲು ಹಿಡಿದು ಬೇಸ್‌ಮೆಂಟಿಗೆ ಇಳಿದರು. ಹಬ್ಬದ ದಿನ ದೇವರ ಮನೆ, ಹೊಸ್ತಿಲು ಎಲ್ಲ ಒರೆಸಿ ಹೊಸ ಕುಂಕುಮ ಇಟ್ಟಾಗಿತ್ತು, ಉಳಿದಿದ್ದು ಫರ್ನೇಸೊಂದೇ. ಅದಕ್ಕೆ ಕುಂಕುಮ ಎಲ್ಲಿಂದ ಬಂತು ಎಂದರೆ, ಅಕ್ಟೋಬರಿನ ಆಯುಧಪೂಜೆಯಿಂದ. ಎರಡು ಕಾರು, ಲ್ಯಾಪ್‌ಟಾಪುಗಳು, ಹುಲ್ಲು ಕತ್ತರಿಸುವ ಯಂತ್ರ, ಎಲ್ಲಕ್ಕೂ ಇಟ್ಟ ಮೇಲೆ, ಚಳಿಗಾಲವೆಲ್ಲ ನಮ್ಮನ್ನು ಕಾಯುವ ಫರ್ನೇಸಿಗೆ ಬೇಡವೇ ಎಂದು ನಾನೇ ಹೋಗಿ ಗಂಧದಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆಟ್ಟಿನಿಂದ ಒತ್ತಿ ಇಟ್ಟಿದ್ದೆ. ‘ನಾವು ಕುಂಕುಮ ಇಡೋಕೇ ಇರ್ಬೇಕು, ಎಷ್ಟು ಸರಿಯಾಗಿ ಒಂದು ರೌಂಡ್ ಮಾಡಿಟ್ಟಿದಾರೆ ನೋಡು!’ ಎಂದು ಅನಿಕಾಳಿಗೆ ತೋರಿಸಿಯೂ ಇದ್ದೆ.

ಒಂದು ನಿಮಿಷಕ್ಕೆ ಕೆಳಗಿನಿಂದ ಅತ್ತೆಯ ಕೂಗು ಕೇಳಿತು. ‘ಅಳಿಯಂದ್ರೇ, ಬೇಗ ಬನ್ನಿ! ಇದು ನನಗೆ ಕಣ್ಣು ಹೊಡೀತಾ ಇದೆ!’

ಎಲ್ಲರೂ ಓಡಿದೆವು. ಅತ್ತೆಯ ಕೈಯ ಬಟ್ಟೆ ಕೆಂಪಾಗಿತ್ತು. ಮೂರು ತಿಂಗಳ ಕುಂಕುಮ ಹೋದ ಜಾಗದಲ್ಲಿ ಒಂದು ಪುಟ್ಟ ಗಾಜಿನ ಕಿಂಡಿ, ಅದರೊಳಗೆ ಒಂದು ಕೆಂಪು ದೀಪ. ಮಿಣುಕ್, ಮಿಣುಕ್, ಮಿಣುಕ್. ಸ್ವಲ್ಪ ಬಿಡುವು. ಮತ್ತೆ ಮೂರು. ಬಾಗಿಲು ತೆಗೆದರೆ ಒಳಗಿನ ಕರೆಂಟು ತಾನಾಗಿಯೇ ಹೋಗುತ್ತದೆ ಎಂಬುದು ನನ್ನ ಉಪನ್ಯಾಸದ ಎರಡನೆಯ ಪುಟದಲ್ಲೇ ಇತ್ತು, ಆ ಕಿಂಡಿ ಇಟ್ಟಿರುವುದೇ ಅದಕ್ಕೆ ಎಂದು ಮಾತ್ರ ಈಗ ಹೊಳೆಯಿತು. ಅನಿಕಾ ಬಾಗಿಲು ಬಿಚ್ಚಿ, ಅದರ ಒಳಮೈಗೆ ಅಂಟಿಸಿದ್ದ ಚೀಟಿಯನ್ನು ಓದಿದಳು. ನಾನು ಬೆಳಗಿನಿಂದ ಐದು ಸಲ ನೋಡಿ ಒಮ್ಮೆಯೂ ಓದದಿದ್ದ ಚೀಟಿ. ‘ತ್ರೀ ಬ್ಲಿಂಕ್ಸ್. ಇಟ್ ಸೇಸ್ ಚೆಕ್ ದಿ ಔಟ್‌ಸೈಡ್ ಪೈಪ್ಸ್, ಅಪ್ಪಾ. ಸಮ್‌ಥಿಂಗ್ಸ್ ಬ್ಲಾಕಿಂಗ್ ದಿ ಏರ್.’

ಫರ್ನೇಸು ಗಾಳಿ ಎಳೆದುಕೊಳ್ಳುವ, ಹೊಗೆ ಬಿಡುವ ಎರಡು ಬಿಳಿ ಪೈಪುಗಳು ನಮ್ಮ ಮನೆಯ ಪಕ್ಕದ ಗೋಡೆಯಿಂದ ಮೊಳಕಾಲೆತ್ತರದಲ್ಲಿ ಹೊರಗೆ ಚಾಚಿಕೊಂಡಿವೆ. ಅಂದರೆ, ನಿನ್ನೆಯವರೆಗೆ ಚಾಚಿಕೊಂಡಿದ್ದವು. ಈಗ ಅಲ್ಲಿ ನಾನು ಅಚ್ಚುಕಟ್ಟಾಗಿ ಪೇರಿಸಿದ ನಾಲ್ಕಡಿ ಹಿಮದ ಗುಡ್ಡ ಇತ್ತು. ಶುಭಾ ಸಲಿಕೆ ತಂದು ನನ್ನ ಕೈಗೆ ಕೊಟ್ಟಳು, ಅಷ್ಟೇ. ಅರ್ಧ ಗಂಟೆ ತೋಡಿ ಪೈಪುಗಳನ್ನು ಹೊರತೆಗೆದು, ಸ್ವಿಚ್ಚು ಹಾಕಿದಾಗ ಒಳಗೆ ಬುಸ್ಸೆಂದು ಬೆಂಕಿ ಹತ್ತಿತು. ಆ ಸದ್ದು ಕೇಳಿ ಸಮಾಧಾನಕ್ಕೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಹಬ್ಬವೂ ಆಗಿದ್ದರಿಂದ ಬಿದ್ದೇಬಿಟ್ಟೆ.

ನಾಲ್ಕು ಗಂಟೆಗೆ ಮೂವತ್ತು ಜನ ಬಂದರು, ಮನೆ ಅರವತ್ತೆಂಟಕ್ಕೆ ಏರಿತ್ತು. ನನ್ನ ಉಪನ್ಯಾಸ ಬಹಳ ಚೆನ್ನಾಗಿ ಆಯಿತೆಂದು ಎಲ್ಲರೂ ಹೇಳಿದರು. ಅದರಲ್ಲೂ ನಾನು ಕೊಟ್ಟ ಉದಾಹರಣೆ ಜನರಿಗೆ ತುಂಬ ಹಿಡಿಸಿತು. ‘ನನಗೆ ಗೊತ್ತಿರೋ ಒಬ್ಬ ವ್ಯಕ್ತಿ ಇದಾರೆ. ಓದಿದವರು. ಹಿಮವನ್ನೆಲ್ಲ ತಮ್ಮ ಫರ್ನೇಸಿನ ಪೈಪಿನ ಮೇಲೇ ಹಾಕ್ಕೊಂಡಿದ್ರು. ಸಾಲದ್ದಕ್ಕೆ, ಎಚ್ಚರಿಸೋ ಲೈಟಿನ ಮೇಲೆ ಕುಂಕುಮ ಬೇರೆ ಇಟ್ಟಿದ್ರು!’ ಎಂದಾಗ ಬೇಸ್‌ಮೆಂಟು ಬಿದ್ದುಹೋಗುವಂತೆ ನಕ್ಕರು. ನಾಗರಾಜ್ ಕಣ್ಣೊರೆಸಿಕೊಳ್ಳುತ್ತ, ‘ಎಂಥ ಜನ ಇರ್ತಾರೆ ಸರ್!’ ಎಂದರು. ‘ಇರ್ತಾರೆ, ಇರ್ತಾರೆ’ ಎಂದೆ. ಹಿಂದಿನ ಸಾಲಿನಲ್ಲಿ ಅತ್ತೆ, ಶುಭಾ, ಅನಿಕಾ ಮೂವರೂ ನಗದೆ ನನ್ನನ್ನೇ ನೋಡುತ್ತಿದ್ದರು.

ಕೊನೆಗೆ ಎಳ್ಳು ಬೀರುವ ಹೊತ್ತಿಗೆ ಅತ್ತೆ ತಟ್ಟೆ ಹಿಡಿದು ಎಲ್ಲರಿಗೂ ತಾವೇ ಕುಂಕುಮ ಕೊಡುತ್ತ ಬಂದರು. ನನ್ನ ಮುಂದೆ ನಿಂತು ಬಟ್ಟಲು ಚಾಚಿದರು. ನಾನು ಬೆರಳು ಅದ್ದಿದೆ. ಮೂವತ್ತು ಜನರ ಎದುರಿಗೆ ಅತ್ತೆ ಮೆಲ್ಲಗೆ, ಬಹಳ ಕಾಳಜಿಯಿಂದ ಹೇಳಿದರು:

‘ನೋಡ್ಕೊಂಡು ಇಟ್ಕೊಳ್ಳಿ ಅಳಿಯಂದ್ರೇ. ಕಣ್ಣಿಗಲ್ಲ, ಹಣೆಗೆ.’